ಬೆನ್ನುಹುರಿಯಲ್ಲೊಂದು ಬಿಳಿ ಮಚ್ಚೆ

ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದರೆ ಬೆನ್ನುಹುರಿ ಬಿಳಿ ನೀರಿನಲ್ಲಿ ಇಳಿಬಿಟ್ಟ ಬೂದು ಹಗ್ಗದಂತೆ ಕಾಣುತ್ತದೆ. ದಪ್ಪ ಕಿರುಬೆರಳಿನಷ್ಟು, ಉದ್ದ ಸುಮಾರು 45 ಸೆಂ.ಮೀ. ಆ ಹಗ್ಗದಲ್ಲಿ ಬಿಳಿ ಮಚ್ಚೆಯೊಂದು ಕಂಡರೆ ಮನೆಯವರ ಮೊದಲ ಪ್ರಶ್ನೆ: ‘ಗಡ್ಡೆನಾ ಡಾಕ್ಟ್ರೇ?’

ಮಚ್ಚೆಯನ್ನಷ್ಟೇ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಟಿ2 ಎಂಬ ಬಗೆಯ ಚಿತ್ರದಲ್ಲಿ ನೀರಿನಂಶ ಹೆಚ್ಚಿರುವುದೆಲ್ಲ ಬೆಳ್ಳಗೆ ಕಾಣುತ್ತದೆ. ಗಡ್ಡೆಯೂ ಬಿಳಿ, ಉರಿಯೂತವೂ ಬಿಳಿ, ರಕ್ತ ಸಿಗದೆ ಸತ್ತ ಭಾಗವೂ ಬಿಳಿ. ಅದಕ್ಕೇ ರೇಡಿಯಾಲಜಿಸ್ಟ್ ಮೊದಲು ನೋಡುವುದು ಹುರಿ ಉಬ್ಬಿದೆಯೇ ಎಂದು. ಒಳಗೆ ಗಡ್ಡೆ ಬೆಳೆದರೆ ಹುರಿ ಹೆಚ್ಚುಕಡಿಮೆ ಯಾವಾಗಲೂ ಉಬ್ಬಿರುತ್ತದೆ. ಆದರೆ ತೀವ್ರ ಉರಿಯೂತದಲ್ಲೂ ಹುರಿ ಉಬ್ಬಬಲ್ಲದು, ತೊಡಕಿರುವುದೇ ಇಲ್ಲಿ.

ಆಗ ಮಚ್ಚೆಯ ಉದ್ದ ಮತ್ತು ಜಾಗ ಮಾತಾಡುತ್ತವೆ. ಉರಿಯೂತದ ಕಾಯಿಲೆಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಮಚ್ಚೆ ಸಾಮಾನ್ಯವಾಗಿ ಎರಡು ಬೆನ್ನುಮಣಿಗಳ ಉದ್ದವನ್ನು ಮೀರದು, ಹುರಿಯ ಅಂಚಿನಲ್ಲಿರುತ್ತದೆ. ನ್ಯೂರೋಮೈಲೈಟಿಸ್ ಆಪ್ಟಿಕಾ ಆದರೆ ನಡುಮಧ್ಯದಲ್ಲಿ, ಮೂರು ಅಥವಾ ಹೆಚ್ಚು ಮಣಿಗಳಷ್ಟು ಉದ್ದಕ್ಕೆ ಹಬ್ಬುವುದೇ ಹೆಚ್ಚು. ಬಿ12 ಕೊರತೆಯಲ್ಲಿ ಅಡ್ಡಸೀಳಿನ ಚಿತ್ರದ ಹಿಂಭಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ ‘ವಿ’ ಮೂಡಬಹುದು. ಚುಚ್ಚುಮದ್ದಿಗೆ ಬಗ್ಗುವ ಕಾಯಿಲೆ ಅದು! ಹುರಿಯ ಗಡ್ಡೆಗಳಲ್ಲಿ ಎಪೆಂಡೈಮೋಮ ನಡುವೆ ಕುಳಿತು ಅಂಚು ತಿದ್ದಿದಂತಿರುತ್ತದೆ. ಆಸ್ಟ್ರೋಸೈಟೋಮ ಒಂದು ಬದಿಗೆ ವಾಲಿ ಅಂಚು ಕಲಸಿಹೋಗಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಡ್ಯೂರಲ್ ಫಿಸ್ಟುಲ. ಹುರಿಯ ಹೊದಿಕೆಯಲ್ಲಿ ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಕೂಡಿಕೊಂಡು, ರಕ್ತ ಹಿಂದಕ್ಕೆ ಒತ್ತಿ ಹುರಿ ಊದಿಕೊಳ್ಳುತ್ತದೆ. ಬಹುತೇಕ ನಡುವಯಸ್ಸು ದಾಟಿದ ಗಂಡಸರಲ್ಲಿ, ನಿಧಾನವಾಗಿ ಕಾಲು ಸೋಲುತ್ತಾ ಬರುವ ಕಾಯಿಲೆ. ಮಚ್ಚೆ ಗಡ್ಡೆಯಂತೆಯೋ ಉರಿಯೂತದಂತೆಯೋ ಕಾಣುತ್ತದೆ. ಗುಟ್ಟು ಬಯಲಾಗುವುದು ಹುರಿಯ ಹಿಂದಿನ ಬಿಳಿ ನೀರಿನಲ್ಲಿ: ಹುಳು ಹರಿದಂಥ ಸಣ್ಣ ಕಪ್ಪು ಗೆರೆಗಳು. ಉಬ್ಬಿದ ಅಭಿಧಮನಿಗಳವು; ಹರಿಯುವ ರಕ್ತ ಸಂಕೇತ ಕೊಡದೆ ಕಪ್ಪಾಗಿರುತ್ತದೆ. ಇದನ್ನು ಗಮನಿಸದೆ ಉರಿಯೂತವೆಂದು ಸ್ಟೀರಾಯ್ಡ್ ಕೊಟ್ಟರೆ ಕೆಲವರ ಕಾಲಿನ ಬಲ ಇನ್ನಷ್ಟು ಕುಸಿಯುತ್ತದೆ. ಗುರುತಿಸಿದರೆ ಆ ಕೂಡುದಾರಿಯನ್ನು ಮುಚ್ಚಬಹುದು.

ಸಂಶಯ ಉಳಿದರೆ ಬಯಾಪ್ಸಿಗೆ ಆತುರಪಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹುರಿಯಲ್ಲಿ ಚಿವುಟಿ ತೆಗೆಯಲು ಬಿಡುವಾದ ಜಾಗವೇ ಇಲ್ಲ. ರೋಗಿಯ ಸ್ಥಿತಿ ಕಾಯಲು ಬಿಟ್ಟರೆ, ಮೆದುಳಿನ ಸ್ಕ್ಯಾನ್, ರಕ್ತ ಮತ್ತು ಬೆನ್ನುನೀರಿನ ಪರೀಕ್ಷೆ ಮುಗಿಸಿ ಕೆಲವು ವಾರಗಳ ನಂತರ ಮತ್ತೆ ಎಂಆರ್‌ಐ ಮಾಡುತ್ತಾರೆ. ಉರಿಯೂತ ಸಾಮಾನ್ಯವಾಗಿ ಅಷ್ಟರಲ್ಲಿ ಇಳಿದಿರುತ್ತದೆ. ಅವತ್ತು ಹಳೆಯ ಫಿಲ್ಮನ್ನೂ ಸಿಡಿಯನ್ನೂ ಮನೆಯಲ್ಲಿ ಬಿಟ್ಟು ಹೋಗಬೇಡಿ. ಮಚ್ಚೆ ಕುಗ್ಗಿದೆಯೋ ಬೆಳೆದಿದೆಯೋ ಎಂಬುದು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಾಗಲೇ ತಿಳಿಯುತ್ತದೆ.