ಚಳಿಯ ಬಿಲ್ ಯಾರು ಕಟ್ಟಬೇಕು?

ಉತ್ತರ ಭಾರತದ ಬಯಲು ಸೀಮೆಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯನ್ನು ಎದುರಿಸಲಿಕ್ಕೆ. ಎತ್ತರದ ಛಾವಣಿ, ಮೊಸಾಯಿಕ್ ನೆಲ, ಗಾಳಿಯಾಡಲೆಂದು ಬಿಟ್ಟ ಬೆಳಕಿಂಡಿಗಳು ಎಲ್ಲವೂ ಮೇ ತಿಂಗಳ ಬಿಸಿಗಾಳಿಗೆ ಹಿರಿಯರು ಕಂಡುಕೊಂಡ ಉತ್ತರ. ಜನವರಿ ಬಂತೆಂದರೆ ಇವೇ ಅನುಕೂಲಗಳು ಶತ್ರುಗಳಾಗುತ್ತವೆ. ಹಗಲು ಹೊರಗೆ ಎಳೆಬಿಸಿಲಿನಲ್ಲಿ ಹಾಯಾಗಿ ಕುಳಿತವರು ಮನೆಯೊಳಗೆ ಕಾಲಿಟ್ಟೊಡನೆ ಶಾಲು ಹೊದೆಯುವ ವಿಚಿತ್ರವನ್ನು ದೆಹಲಿಯಲ್ಲಿ ಬಾಳಿದ ಕನ್ನಡಿಗರೆಲ್ಲ ಬಲ್ಲರು. ಸೇವೆಯ ಅವಧಿಯಲ್ಲಿ ಹನ್ನೊಂದು ಚಳಿಗಾಲಗಳನ್ನು ನಾನು ಆ ನಗರದ ಸರ್ಕಾರಿ ವಸತಿಗೃಹಗಳಲ್ಲಿ ಕಳೆದಿದ್ದೇನೆ. ನಿವೃತ್ತಿಯ ನಂತರವೂ ಮಗನ ಮನೆಯ ನೆಪದಲ್ಲಿ ಅಲ್ಲಿನ ಚಳಿಯ ಸಂಬಂಧ ತಪ್ಪಿಲ್ಲ.

ಈ ಚಳಿ ಕೇವಲ ಅನಾನುಕೂಲದ ಸಂಗತಿಯಲ್ಲ. 2021ರ ಜನವರಿ 1ರಂದು ದೆಹಲಿಯ ಸಫ್ದರ್‌ಜಂಗ್ ಕೇಂದ್ರದಲ್ಲಿ ಉಷ್ಣಾಂಶ 1.1 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ವಸತಿ ಮತ್ತು ಆರೋಗ್ಯವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಚಳಿಗಾಲದಲ್ಲಿ ಮನೆಯೊಳಗಿನ ಉಷ್ಣಾಂಶ ಕನಿಷ್ಠ 18 ಡಿಗ್ರಿ ಇರುವುದು ಕ್ಷೇಮ. ವೃದ್ಧರು, ಶಿಶುಗಳು, ಹೃದಯ ಮತ್ತು ಶ್ವಾಸಕೋಶದ ತೊಂದರೆಯುಳ್ಳವರಿಗೆ ಅದಕ್ಕಿಂತ ಹೆಚ್ಚು ಬೇಕು. ನಮ್ಮಲ್ಲಿ ಬಿಸಿಲಿನ ಸಾವುಗಳು ಸುದ್ದಿಯಾದಷ್ಟು ಚಳಿಯ ಸಾವುಗಳು ಸುದ್ದಿಯಾಗುವುದಿಲ್ಲ. ಅವು ಪಾರ್ಶ್ವವಾಯು, ಹೃದಯಾಘಾತಗಳ ಹೆಸರಿನಲ್ಲಿ ಸದ್ದಿಲ್ಲದೆ ದಾಖಲಾಗುತ್ತವೆ.

ಇಂಥ ಮನೆಗಳಿಗೆ ಕಳೆದ ಎರಡು ಮೂರು ದಶಕಗಳಲ್ಲಿ ನಿಧಾನವಾಗಿ ಪ್ರವೇಶ ಪಡೆದ ವಸ್ತು ಎಣ್ಣೆ ತುಂಬಿದ ವಿದ್ಯುತ್ ರೇಡಿಯೇಟರ್. ಅಂಗಡಿಯವರು ಅದನ್ನು ಆಯಿಲ್ ಹೀಟರ್ ಎನ್ನುತ್ತಾರೆ. ಗಾಲಿಗಳ ಮೇಲೆ ನಿಂತ, ಒಂಬತ್ತೋ ಹನ್ನೊಂದೋ ತಗಡಿನ ಪದರಗಳ ಈ ಪೆಟ್ಟಿಗೆಯ ಬಗ್ಗೆ ತಪ್ಪು ಕಲ್ಪನೆಗಳು ಅನೇಕ. ಒಳಗಿನ ಎಣ್ಣೆ ಉರಿಯುವುದಿಲ್ಲ. ಅದು ಮುಗಿಯುವಂಥದ್ದೂ ಅಲ್ಲ, ಮತ್ತೆ ತುಂಬಿಸುವಂಥದ್ದೂ ಅಲ್ಲ. ವಿದ್ಯುತ್ ಸುರುಳಿ ಎಣ್ಣೆಯನ್ನು ಕಾಯಿಸುತ್ತದೆ, ಎಣ್ಣೆ ತಗಡನ್ನು, ತಗಡು ಕೋಣೆಯ ಗಾಳಿಯನ್ನು. ನಿಗದಿತ ಮಟ್ಟ ಮುಟ್ಟಿದಾಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿದುಹಾಕಿದರೂ ಕಾದ ಎಣ್ಣೆ ಸ್ವಲ್ಪ ಹೊತ್ತು ಬಿಸಿ ನೀಡುತ್ತಲೇ ಇರುತ್ತದೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಆಮ್ಲಜನಕ ಖರ್ಚಾಗುವುದಿಲ್ಲ.

ಇನ್ನೊಂದು ಕಲ್ಪನೆ, ಇದು ಸರಳಿನ ಹೀಟರ್‌ಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಶಾಖ ಕೊಡುತ್ತದೆ ಎಂಬುದು. ಭೌತಶಾಸ್ತ್ರ ಇದನ್ನು ಒಪ್ಪುವುದಿಲ್ಲ. ನೂರೈವತ್ತು ರೂಪಾಯಿಯ ಸುರುಳಿ ಒಲೆಯಾಗಲಿ, ಹತ್ತು ಸಾವಿರದ ರೇಡಿಯೇಟರ್ ಆಗಲಿ, ಒಂದು ಯೂನಿಟ್ ವಿದ್ಯುತ್ತಿನಿಂದ ಹುಟ್ಟುವುದು ಅಷ್ಟೇ ಶಾಖ. ರೇಡಿಯೇಟರ್‌ನ ಲಾಭವಿರುವುದು ಅದರ ಸುರಕ್ಷತೆಯಲ್ಲಿ, ಸಮನಾದ ಬಿಸಿಯಲ್ಲಿ, ಮತ್ತು ಗಾಲಿಗಳಲ್ಲಿ. ಪಾಶ್ಚಾತ್ಯರ ಸೆಂಟ್ರಲ್ ಹೀಟಿಂಗ್ ಇಡೀ ಮನೆಯನ್ನು ಬಿಸಿ ಮಾಡುತ್ತದೆ. ಇದಾದರೋ ಜನರಿರುವ ಕೋಣೆಗೆ ಹಿಂಬಾಲಿಸಿ ಬರುತ್ತದೆ: ಸಂಜೆ ಓದುವ ಮಗುವಿನ ಪಕ್ಕಕ್ಕೆ, ರಾತ್ರಿ ಅಜ್ಜಿಯ ಮಂಚದ ಬಳಿಗೆ. ಬಡ ದೇಶಕ್ಕೆ ಒಪ್ಪುವ ಮಿತವ್ಯಯ ಇದು.

ಆದರೆ ಮಿತವ್ಯಯಕ್ಕೂ ಬೆಲೆಯಿದೆ. 2,000 ವಾಟ್‌ನ ಹೀಟರ್ ಎಡೆಬಿಡದೆ ಒಂದು ಗಂಟೆ ಉರಿದರೆ ಎರಡು ಯೂನಿಟ್. ಥರ್ಮೋಸ್ಟಾಟ್ ಇರುವುದರಿಂದ ಅದು ಎಡೆಬಿಡದೆ ಉರಿಯುವುದಿಲ್ಲ. ಮಗನ ಮನೆಯಲ್ಲಿ ಎರಡು ವಾರ ಮೀಟರ್ ಓದಿ ನಾನು ಬರೆದಿಟ್ಟ ಲೆಕ್ಕದ ಪ್ರಕಾರ, ಬಾಗಿಲು ಮುಚ್ಚಿದ ಸಾಧಾರಣ ಗಾತ್ರದ ಮಲಗುವ ಕೋಣೆಯಲ್ಲಿ ರಾತ್ರಿ ಎಂಟು ಗಂಟೆಗಳಿಗೆ ಸುಮಾರು ಎಂಟು ಯೂನಿಟ್. ತಿಂಗಳಿಗೆ 240.

ಇಲ್ಲಿಂದ ಮುಂದೆ ವಿಷಯ ಅರ್ಥಶಾಸ್ತ್ರದ್ದು. ದೆಹಲಿಯಲ್ಲಿ 2019ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಸಬ್ಸಿಡಿಯ ನಿಯಮವನ್ನು ಗಮನಿಸಿ: ತಿಂಗಳಿಗೆ 200 ಯೂನಿಟ್ ವರೆಗೆ ಉಚಿತ, 201ರಿಂದ 400ರ ವರೆಗೆ ಬಿಲ್ಲಿನ ಅರ್ಧದಷ್ಟು, ಗರಿಷ್ಠ 800 ರೂಪಾಯಿ ವಿನಾಯಿತಿ, 400 ದಾಟಿದರೆ ಏನೂ ಇಲ್ಲ. 2021ರ ದರ ಆದೇಶದಂತೆ ಮೊದಲ 200 ಯೂನಿಟ್‌ಗೆ ತಲಾ 3 ರೂಪಾಯಿ, ಮುಂದಿನ 200ಕ್ಕೆ 4.50, ಆಮೇಲೆ 6.50. ವರ್ಷವಿಡೀ ತಿಂಗಳಿಗೆ 180 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ನಿವೃತ್ತ ದಂಪತಿ ಜನವರಿಯಲ್ಲಿ ಹೀಟರ್ ಹಾಕಿದರೆ ಬಳಕೆ 420 ಯೂನಿಟ್ ಆಗುತ್ತದೆ. ಸೊನ್ನೆಯಿದ್ದ ಬಿಲ್, ವಿದ್ಯುತ್ ಶುಲ್ಕವೊಂದರಲ್ಲೇ 1,630 ರೂಪಾಯಿಗೆ ಜಿಗಿಯುತ್ತದೆ. ಸ್ಥಿರ ಶುಲ್ಕ, ಸರ್ಚಾರ್ಜ್, ತೆರಿಗೆಗಳು ಬೇರೆ. 400ನೆಯ ಯೂನಿಟ್‌ನಲ್ಲಿ ನಿಲ್ಲಿಸಿದ್ದರೆ ಸುಮಾರು 800 ರೂಪಾಯಿ ಉಳಿಯುತ್ತಿತ್ತು. ಅಂದರೆ 401ನೆಯ ಯೂನಿಟ್ ಒಂದರ ಬೆಲೆಯೇ ಸುಮಾರು 800 ರೂಪಾಯಿ! ಯಾವ ಪಠ್ಯಪುಸ್ತಕವೂ ಸಮರ್ಥಿಸದ ಬೆಲೆ ಇದು. ಇಳಿಜಾರು ಇರಬೇಕಾದ ಕಡೆ ಪ್ರಪಾತ ನಿರ್ಮಿಸಿದರೆ ಜನ ಅದರ ಅಂಚಿನಲ್ಲಿ ನಡುಗುತ್ತಾ ನಿಲ್ಲುತ್ತಾರೆ. ತಿಂಗಳ ಕೊನೆಯ ವಾರದಲ್ಲಿ ಮೀಟರ್ ನೋಡಿ ಹೀಟರ್ ಆರಿಸುವ ವೃದ್ಧರನ್ನು ನಾನು ಬಲ್ಲೆ.

ಅವರಿಗಾದರೂ ಆರಿಸಲು ಹೀಟರ್ ಇದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ನಾಲ್ಕೈದು ಮಂದಿ ಮಲಗುವ ಕೂಲಿ ಕಾರ್ಮಿಕರ ಸ್ಥಿತಿ ಬೇರೆ. ಅವರ ವಿದ್ಯುತ್ ದರವನ್ನು ಎಷ್ಟೋ ಕಡೆ ನಿರ್ಧರಿಸುವವನು ಮನೆಯ ಮಾಲೀಕ; ಸರ್ಕಾರದ ಉಚಿತ ಯೂನಿಟ್ ಅವನ ಹೊಸ್ತಿಲಲ್ಲೇ ಇಂಗಿಹೋಗುತ್ತದೆ. ಅವರು ಹಚ್ಚುವುದು ಇದ್ದಿಲಿನ ಅಂಗೀಠಿ, ನಮ್ಮ ಮಲೆನಾಡಿನವರು ಅಗ್ಗಿಷ್ಟಿಕೆ ಎನ್ನುವ ಅದೇ ಸಾಧನ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಪ್ರತಿ ಚಳಿಗಾಲದಲ್ಲೂ ಇಡೀ ಕುಟುಂಬಗಳು ಹೀಗೆ ನಿದ್ರೆಯಲ್ಲೇ ಕೊನೆಯಾದ ಸುದ್ದಿಯನ್ನು ನಾವು ಒಳಪುಟದ ಮೂಲೆಯಲ್ಲಿ ಓದುತ್ತೇವೆ. ಅವರ ಪಾಲಿಗೆ ಯೂನಿಟ್ ದರವೆಂಬುದು ಸಾವುಬದುಕಿನ ನಡುವಿನ ಅಂತರ.

ಮೂರನೆಯ ವರ್ಗ, ಬಡಾವಣೆಯ ಗೇಟಿನಲ್ಲಿ ರಾತ್ರಿ ಕಳೆಯುವ ಕಾವಲುಗಾರರದು. ಒಣ ಎಲೆ, ಪುಳ್ಳೆ, ಕೆಲವೊಮ್ಮೆ ಪ್ಲಾಸ್ಟಿಕ್ಕನ್ನೂ ಸುಟ್ಟು ಅವರು ಕೈಕಾಯಿಸಿಕೊಳ್ಳುತ್ತಾರೆ. ಆ ಹೊಗೆ ನಗರದ ಗಾಳಿಗೆ ಸೇರುತ್ತದೆ. ರಾಜಧಾನಿ ವಲಯದ ವಾಯು ಗುಣಮಟ್ಟ ನಿರ್ವಹಣಾ ಆಯೋಗ ತನ್ನ ಹಂತವಾರು ಕ್ರಮಗಳ ಪಟ್ಟಿಯಲ್ಲಿ, ನಿವಾಸಿಗಳ ಸಂಘಗಳು ಕಾವಲು ಮತ್ತು ಸ್ವಚ್ಛತಾ ಸಿಬ್ಬಂದಿಗೆ ವಿದ್ಯುತ್ ಹೀಟರ್ ಒದಗಿಸಬೇಕೆಂದು ಸೇರಿಸಿರುವುದು ಈ ಕಾರಣಕ್ಕೆ. ವಿವೇಕದ ಆದೇಶವೇ. ಆದರೆ ನಾನು ಹಾಜರಿದ್ದ ಒಂದು ಸಂಘದ ಸಭೆಯಲ್ಲಿ ನಲವತ್ತು ನಿಮಿಷ ಚರ್ಚೆಯಾದದ್ದು ಹೀಟರ್ ಬೆಲೆಯ ಬಗ್ಗೆ ಅಲ್ಲ, ಅದರ ಬಿಲ್ಲನ್ನು ಯಾರ ಖಾತೆಗೆ ಹಾಕಬೇಕೆಂಬ ಬಗ್ಗೆ. ಅಷ್ಟೂ ಹೊತ್ತು ಕಾವಲುಗಾರ ಹೊರಗೆ ಬೆಂಕಿ ಹಾಕಿಕೊಂಡೇ ಕುಳಿತಿದ್ದ.

ತೆರಿಗೆದಾರರ ಹಣದಿಂದ ಮಧ್ಯಮವರ್ಗದ ಕೋಣೆಗಳನ್ನು ಬೆಚ್ಚಗಿಡಬೇಕೆ ಎಂಬ ಪ್ರಶ್ನೆ ಸಹಜ. ಬೇಡ ಎಂಬುದೇ ನನ್ನ ಉತ್ತರ. ಕಲ್ಲಿದ್ದಲಿನ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗಿ ಮನೆ ಸೇರುತ್ತದೆ. ಅದನ್ನು ಮತ್ತೆ ಶಾಖವಾಗಿಸುವುದು ದುಬಾರಿ ವಿನಿಮಯ. ಅನುಕೂಲಸ್ಥರು ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಏಸಿ ಕೊಂಡರೆ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ ಶಾಖ ದೊರೆಯುತ್ತದೆ, ಏಕೆಂದರೆ ಅದು ಶಾಖವನ್ನು ಉತ್ಪಾದಿಸದೆ ಹೊರಗಿನಿಂದ ಎಳೆದು ತರುತ್ತದೆ. ಅದೂ ಬೇಡವಾದರೆ ಬಾಗಿಲ ಸಂದಿಗೆ ಪಟ್ಟಿ, ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ರೂಪಿಸಿದ ‘ಇಕೋ ನಿವಾಸ್ ಸಂಹಿತೆ’ ವಸತಿ ಕಟ್ಟಡಗಳ ಗೋಡೆ ಮತ್ತು ಛಾವಣಿಯ ಮೂಲಕ ಹಾಯುವ ಶಾಖಕ್ಕೆ ಮಿತಿ ಸೂಚಿಸಿದೆ. ಬೇಸಿಗೆಯ ಬಿಸಿಯನ್ನು ತಡೆಯುವ ಛಾವಣಿ ಚಳಿಗಾಲದ ಬಿಸಿಯನ್ನೂ ಹಿಡಿದಿಡುತ್ತದೆ. ಅದನ್ನು ಕಟ್ಟಡ ಪರವಾನಗಿಯೊಂದಿಗೆ ನಿಜವಾಗಿ ಜೋಡಿಸಿದರೆ ಹೀಟರ್‌ನ ಅಗತ್ಯವೇ ಕುಗ್ಗುತ್ತದೆ.

ಸಾರ್ವಜನಿಕ ಹಣ ಸಲ್ಲಬೇಕಾದದ್ದು ಅಂಗೀಠಿಯ ಕೋಣೆಗೆ. ಬಾಡಿಗೆದಾರನಿಗೆ ಅವನದೇ ಹೆಸರಿನ ಮೀಟರ್ ಸಿಗಬೇಕು. ಸಬ್ಸಿಡಿಯ ಪ್ರಪಾತ ಇಳಿಜಾರಾಗಬೇಕು; ಚಳಿಯ ಎರಡು ತಿಂಗಳಿಗೆ ಮಿತಿ ಬೇರೆ ಇರಬೇಕು, ಅದಕ್ಕೆ ತಗಲುವ ಹಣವನ್ನು ವಸಂತದ ತಿಂಗಳುಗಳ ಮಿತಿ ತಗ್ಗಿಸಿ ಹೊಂದಿಸಬಹುದು. ಕರ್ನಾಟಕಕ್ಕೂ ಇದು ದೂರದ ಮಾತಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲೂ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ ಕಟ್ಟಬೇಕೆಂಬ ನಿಯಮ ಸೇರಿತ್ತು. ಕೊಡಗಿನ, ಬೀದರ್‌ನ ಡಿಸೆಂಬರ್ ರಾತ್ರಿಗಳು ಬೆಂಗಳೂರಿನಲ್ಲಿ ಕುಳಿತು ಹಾಕಿದ ಸರಾಸರಿಯನ್ನು ಲೆಕ್ಕಿಸುವುದಿಲ್ಲ.

ಕಾವಲುಗಾರನ ಹೀಟರ್‌ಗಾದರೋ ಯಾವ ಸರ್ಕಾರವೂ ಬೇಕಾಗಿಲ್ಲ. ರಾತ್ರಿಗೆ ಹತ್ತು ಯೂನಿಟ್ ಖರ್ಚಾದರೂ ನೂರು ಮನೆಗಳ ಬಡಾವಣೆಯಲ್ಲಿ ಪ್ರತಿ ಮನೆಯ ಪಾಲು ತಿಂಗಳಿಗೆ ಮೂರೇ ಯೂನಿಟ್. ನಮ್ಮ ನಿದ್ರೆಯನ್ನು ಕಾಯುವವನ ಬೆಚ್ಚನೆಗೆ ನಾವು ತೆರಬೇಕಾದ ಬೆಲೆ ಒಂದು ಲೋಟ ಚಹಾಕ್ಕಿಂತ ಹೆಚ್ಚೇನಲ್ಲ.