ಜಾರುವ ವಿದ್ಯೆಗೆ ಜಪಾನಿನ ಕಾರೇ ಬೇಕೆ?

ತಿರುವಿನಲ್ಲಿ ಕಾರು ಜಾರಿತೆಂದರೆ ಸಾಮಾನ್ಯ ಚಾಲಕನ ಎದೆ ನಡುಗುತ್ತದೆ. ಆದರೆ ಆ ಜಾರುವಿಕೆಯನ್ನೇ ಬಯಸಿ ಬರಮಾಡಿಕೊಂಡು, ಕಾರಿನ ಮೂತಿ ಒಂದು ಕಡೆಗೂ ಓಟ ಇನ್ನೊಂದು ಕಡೆಗೂ ಇರುವಂತೆ ತಿರುವನ್ನು ದಾಟಿಸುವ ವಿದ್ಯೆಯೊಂದುಂಟು. ಅದಕ್ಕೆ ಡ್ರಿಫ್ಟಿಂಗ್ ಎಂದು ಹೆಸರು. ಇಂದು ಮನೆಯ ಪಡಸಾಲೆಯಲ್ಲೇ ಪರದೆಯ ಮುಂದೆ ಕುಳಿತು ಎಷ್ಟೋ ಮಂದಿ ತರುಣರು 'ಗ್ರಾನ್ ಟುರಿಸ್ಮೊ', 'ಫೋರ್ಜಾ ಹೊರೈಜನ್', 'ಅಸೆಟ್ಟೊ ಕೋರ್ಸಾ' ಮೊದಲಾದ ಆಟಗಳಲ್ಲಿ ಈ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದಾರೆ. ನೂರಾರು ಕಾರುಗಳು ಸಾಲಾಗಿ ನಿಂತಿರುವಾಗ ಅವರ ಕೈ ತಾನಾಗಿ ಹೋಗುವುದು ಟೊಯೋಟಾ, ನಿಸಾನ್, ಮಾಜ್ದಾಗಳ ಕಡೆಗೆ. ಜಪಾನಿನ ಕಾರಿಲ್ಲದೆ ಡ್ರಿಫ್ಟ್ ಇಲ್ಲವೆಂಬ ನಂಬಿಕೆ ಅಷ್ಟು ಬಲವಾಗಿ ಬೇರೂರಿದೆ.

ನಂಬಿಕೆಯ ಮೂಲ

ಈ ನಂಬಿಕೆಗೆ ಕಾರಣವಿಲ್ಲದಿಲ್ಲ. 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಎಂಬ ಜಪಾನಿ ಸ್ಪರ್ಧಾಳು ಪಂದ್ಯದ ಹಾದಿಯಲ್ಲಿ ಕಾರನ್ನು ಜಾರಿಸಿಕೊಂಡೇ ತಿರುವುಗಳನ್ನು ದಾಟಿ ನೋಡುಗರನ್ನು ಬೆರಗುಗೊಳಿಸಿದರು. ಅವರಿಂದ ಸ್ಫೂರ್ತಿ ಪಡೆದ ಕೇಯಿಚಿ ತ್ಸುಚಿಯಾ ಬೆಟ್ಟದ ದಾರಿಗಳಲ್ಲಿ ಅದೇ ಸಾಹಸವನ್ನು ಬೆಳೆಸಿದರು. 1987ರ ವೀಡಿಯೋ ಚಿತ್ರವೊಂದು ಅವರನ್ನೂ ಅವರ ಪುಟ್ಟ ಟೊಯೋಟಾ ಎಇ86 ಕಾರನ್ನೂ ಪ್ರಸಿದ್ಧಿಗೆ ತಂದಿತು. 1995ರಲ್ಲಿ ಆರಂಭವಾದ 'ಇನಿಶಿಯಲ್ ಡಿ' ಚಿತ್ರಕಥಾಮಾಲೆ ಆ ಕಾರನ್ನು ಕಥಾನಾಯಕನ ವಾಹನವನ್ನಾಗಿ ಮಾಡಿತು. 1997ರಲ್ಲಿ ಹೊರಬಂದ ಮೊದಲ 'ಗ್ರಾನ್ ಟುರಿಸ್ಮೊ' ಆಟದಲ್ಲಿಯೂ ಬಹುಪಾಲು ಕಾರುಗಳು ಜಪಾನಿನವೇ ಆಗಿದ್ದವು.

ಆದರೆ ವಿದ್ಯೆ ಹುಟ್ಟಿದ ನೆಲವೇ ಅದರ ಎಲ್ಲೆಯಾಗಬೇಕಿಲ್ಲ. ಅಮೆರಿಕದ 'ಫಾರ್ಮುಲಾ ಡ್ರಿಫ್ಟ್' ಪಂದ್ಯಾವಳಿಯ ಮೊಟ್ಟಮೊದಲ ಪ್ರಶಸ್ತಿಯನ್ನು 2004ರಲ್ಲಿ ಗೆದ್ದ ಸ್ವೀಡನ್ನಿನ ಸ್ಯಾಮ್ಯುಯೆಲ್ ಹ್ಯೂಬಿನೆಟ್ ಓಡಿಸಿದ್ದು ಅಮೆರಿಕದ ಡಾಜ್ ವೈಪರ್ ಕಾರನ್ನು. ಮರುವರ್ಷ ಪ್ರಶಸ್ತಿ ಹೋದದ್ದು ಆಸ್ಟ್ರೇಲಿಯಾದಲ್ಲಿ ತಯಾರಾಗಿ ಅಮೆರಿಕದ ಹೆಸರು ಹೊತ್ತ ಪಾಂಟಿಯಾಕ್ ಜಿಟಿಓ ಕಾರಿಗೆ. 2010ರಲ್ಲಿಯೂ 2024ರಲ್ಲಿಯೂ ಗೆದ್ದದ್ದು ಫೋರ್ಡ್ ಮಸ್ಟಾಂಗ್.

ಉತ್ತಮ ಕಾರಿನ ಲಕ್ಷಣಗಳು

ಹಾಗಾದರೆ ಜಾರಲು ಯೋಗ್ಯವಾದ ಕಾರನ್ನು ಗುರುತಿಸುವುದು ಹೇಗೆ? ಮೊದಲನೆಯದಾಗಿ, ಎಂಜಿನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗಬೇಕು. ಮನೆಯ ಹಿರಿಯರು ಕಂಡ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಈ ಜಾತಿಯವು. 1983ರಲ್ಲಿ ಬಂದ ಮಾರುತಿ 800 ಮುಂದಿನ ಚಕ್ರಗಳಿಂದ ಎಳೆಯಲ್ಪಡುವ ಜಾತಿಯದು. ಟೈರಿಗೆ ನೆಲದ ಮೇಲಿರುವ ಹಿಡಿತಕ್ಕೆ ಒಂದು ಮಿತಿಯುಂಟು. ಮುನ್ನೂಕುವ ಕೆಲಸಕ್ಕೇ ಅದೆಲ್ಲ ವ್ಯಯವಾದರೆ, ಕಾರನ್ನು ಪಕ್ಕಕ್ಕೆ ಸರಿಯದಂತೆ ತಡೆಯಲು ಏನೂ ಉಳಿಯುವುದಿಲ್ಲ. ಹೀಗೆ ಹಿಂಭಾಗ ಜಾರುತ್ತಿರುವಾಗ ಮುಂದಿನ ಚಕ್ರಗಳು ದಿಕ್ಕನ್ನು ಕಾಯಬೇಕು.

ಎರಡನೆಯದು, ತೂಕದ ಹಂಚಿಕೆ. ಎಂಜಿನ್ ಮುಂದಿದ್ದು ಭಾರ ಎರಡೂ ಕಡೆ ಸಮವಾಗಿದ್ದರೆ ಹತೋಟಿ ಸುಲಭ. ಮೂರನೆಯದು, ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವಣ ಅಂತರ. ಉದ್ದನೆಯ ದೋಣಿ ನಿಧಾನವಾಗಿ ತಿರುಗುವಂತೆ, ಈ ಅಂತರ ಹೆಚ್ಚಿದ್ದಷ್ಟೂ ಕಾರು ಸಾವಕಾಶವಾಗಿ ಹೊರಳಿ, ಚಾಲಕನಿಗೆ ತಿದ್ದಿಕೊಳ್ಳಲು ಸಮಯ ಕೊಡುತ್ತದೆ.

ಆಯ್ಕೆಗೆ ಅರ್ಹವಾದವು

ಈ ಲಕ್ಷಣಗಳನ್ನು ನೋಡಿದರೆ ಮೊದಲ ಸ್ಥಾನ ಜರ್ಮನಿಯ ಬಿ.ಎಂ.ಡಬ್ಲ್ಯು. 3 ಶ್ರೇಣಿಗೆ ಸಲ್ಲಬೇಕು. 1990ರ ದಶಕದ ಇ36 ಮಾದರಿಯೂ, 2000ದಲ್ಲಿ ಬಂದ ಇ46 ಎಂ3 ಕಾರೂ ಹೊಸಬರಿಗೆ ಒಳ್ಳೆಯ ಗುರುಗಳು. ಸಮತೂಕದ ಒಡಲು, ಸುಮಾರು 2.7 ಮೀಟರು ಅಚ್ಚಿನ ಅಂತರ. ಎಂ3 ಕಾರಿನ 3.2 ಲೀಟರು ಎಂಜಿನಿನಲ್ಲಿ ಟರ್ಬೋ ಇಲ್ಲವಾದ್ದರಿಂದ, ಪಾದ ಒತ್ತಿದಷ್ಟೇ ಶಕ್ತಿ ತಡವಿಲ್ಲದೆ ಬರುತ್ತದೆ.

ಎರಡನೆಯದು ಮಸ್ಟಾಂಗ್. 2015ರ ಮಾದರಿಯಿಂದ ಅದರ ಹಿಂದಿನ ಚಕ್ರಗಳಿಗೆ ಪ್ರತ್ಯೇಕ ತೂಗುವ್ಯವಸ್ಥೆ ದೊರೆತು ನಡಿಗೆ ಹದಗೊಂಡಿತು. ಎಂಟು ಸಿಲಿಂಡರಿನ ಎಂಜಿನ್ ಕೆಳಗಿನ ವೇಗದಲ್ಲಿಯೂ ಬಲ ಕೊಡುವುದರಿಂದ ಪದೇಪದೇ ಗೇರು ಬದಲಿಸುವ ಗೋಜಿಲ್ಲ. 1997ರಿಂದ 2004ರವರೆಗೆ ತಯಾರಾದ ಐದನೆಯ ಪೀಳಿಗೆಯ ಷೆವರ್ಲೆ ಕಾರ್ವೆಟ್ ಮೂರನೆಯದು. ಅದರ ಗೇರುಪೆಟ್ಟಿಗೆಯನ್ನು ಹಿಂದಕ್ಕೆ ಸಾಗಿಸಿ ಭಾರವನ್ನು ಸರಿದೂಗಿಸಲಾಗಿದೆ. ವೇಗಕ್ಕಿಂತ ವಿನೋದ ಬಯಸುವವರಿಗೆ ಸ್ವೀಡನ್ನಿನ ಚೌಕಾಕಾರದ ಹಳೆಯ ವೋಲ್ವೋ 240 ಉಂಟು.

ಪೋರ್ಷೆ 911 ಕಾರಿನಲ್ಲಿ ಎಂಜಿನ್ ಹಿಂದಿನ ಅಚ್ಚಿಗೂ ಆಚೆಗಿದೆ. ಒಮ್ಮೆ ಜಾರಿತೆಂದರೆ ಗಡಿಯಾರದ ಲೋಲಕದಂತೆ ಬೀಸುತ್ತದೆ. ನಡುವೆ ಎಂಜಿನ್ ಇರುವ ಫೆರಾರಿಗಳು ಬುಗುರಿಯಂತೆ ಗಿರ್ರನೆ ಸುತ್ತಿಬಿಡುತ್ತವೆ. ವೈಪರ್ ಪ್ರಶಸ್ತಿ ಗೆದ್ದಿರಬಹುದು, ಆದರೆ ಹತ್ತು ಸಿಲಿಂಡರಿನ ಆ ಉಗ್ರಶಕ್ತಿ ಪಳಗಿದ ಕೈಗಳಿಗೇ ಒಗ್ಗುವಂಥದು.

ಹದಗೊಳಿಸುವ ಬಗೆ

ಕಾರನ್ನು ಆರಿಸಿದ ಮೇಲೆ ಜಾರುವಿಕೆಯನ್ನು ತಡೆಯುವ ಸಹಾಯಕ ಸೌಲಭ್ಯಗಳನ್ನು ಆಟದಲ್ಲಿ ಮೊದಲು ನಿಲ್ಲಿಸಬೇಕು. ಡಿಫರೆನ್ಷಿಯಲ್ ಬಿಗಿಗೊಳಿಸಿದರೆ ಹಿಂದಿನ ಎರಡು ಚಕ್ರಗಳೂ ಒಟ್ಟಿಗೆ ಜಾರುತ್ತವೆ. ಮುಂದಿನ ಚಕ್ರಗಳು ಹೆಚ್ಚು ಕೋನಕ್ಕೆ ತಿರುಗುವಂತೆ ಮಾಡುವ ಸೌಕರ್ಯವಿದ್ದರೆ ಅದನ್ನು ತಪ್ಪದೆ ಬಳಸಬೇಕು. ಅಶ್ವಶಕ್ತಿಯನ್ನು ಸಾವಿರಕ್ಕೇರಿಸುವ ಆಸೆ ಮಾತ್ರ ಬೇಡ. ಕೈ ಕುದುರುವವರೆಗೆ ನಾನೂರರ ಒಳಗಿದ್ದರೆ ಸಾಕು. ಕೈಬ್ರೇಕಿನಿಂದ ಹಿಂಭಾಗವನ್ನು ಬಿಡಿಸಿ, ಜಾರಿದ ದಿಕ್ಕಿಗೇ ಸ್ಟಿಯರಿಂಗ್ ತಿರುಗಿಸಿ, ಪಾದದಿಂದ ಕೋನವನ್ನು ಕಾಯುವುದೇ ಮೊದಲ ಪಾಠ.

ಪರದೆಯ ಮೇಲೆ ನೂರು ಬಾರಿ ಗೋಡೆಗೆ ಬಡಿದರೂ ಗುಂಡಿಯೊಂದನ್ನು ಒತ್ತಿದರೆ ಕಾರು ಮತ್ತೆ ಹೊಸದಾಗಿ ನಿಲ್ಲುತ್ತದೆ. ನಿಜವಾದ ರಸ್ತೆಯಲ್ಲಿ ಆ ಗುಂಡಿಯಿಲ್ಲ. ಅಲ್ಲಿ ದಾರಿಹೋಕರಿದ್ದಾರೆ, ಶಾಲೆಯಿಂದ ಮರಳುವ ಮಕ್ಕಳಿದ್ದಾರೆ. ಈ ಸಾಹಸಕ್ಕೆ ತಕ್ಕ ಜಾಗ ಪಂದ್ಯದ ಅಂಗಳ, ಇಲ್ಲವೇ ಪಡಸಾಲೆಯ ಪರದೆ. ಅಲ್ಲಿ ಕುಳಿತ ಹುಡುಗನೊಬ್ಬ, ಕಾರಿನ ಮೇಲಿನ ಹೆಸರನ್ನು ಬಿಟ್ಟು ಅದರ ಭಾರ ಎಲ್ಲಿದೆ, ಬಲ ಎಲ್ಲಿಗೆ ಹೋಗುತ್ತದೆ ಎಂದು ವಿಚಾರಿಸಲು ಕಲಿತರೆ, ಆಟದಲ್ಲಿ ಕಳೆದ ಸಂಜೆ ವ್ಯರ್ಥವಾಯಿತೆಂದು ಮನೆಯವರು ಮರುಗಬೇಕಾದುದಿಲ್ಲ.