ಬೆಳೆದವರದೇ ಅಂಗಡಿ: ಹಾಪ್‌ಕಾಮ್ಸ್

ಬೆಂಗಳೂರಿನಲ್ಲಿ ಕನ್ನಡ ಪತ್ರಿಕೆ ಓದುತ್ತ ಬೆಳೆದವರಿಗೆ ಒಳಪುಟದ ಮೂಲೆಯಲ್ಲಿ ಬರುತ್ತಿದ್ದ ‘ಹಾಪ್‌ಕಾಮ್ಸ್ ದರ’ ಎಂಬ ಪುಟ್ಟ ಪಟ್ಟಿ ಮರೆತಿರಲಾರದು. ಹುರುಳಿಕಾಯಿ ಇಷ್ಟು, ಬದನೆ ಇಷ್ಟು, ನುಗ್ಗೆ ಇಷ್ಟು. ಹಾಪ್‌ಕಾಮ್ಸ್ ಮಳಿಗೆಗೆ ಕಾಲಿಡದವರೂ ಪಟ್ಟಿಯ ಮೇಲೆ ಕಣ್ಣಾಡಿಸಿಯೇ ತಳ್ಳುಗಾಡಿಯವರ ಜೊತೆ ಚೌಕಾಸಿಗೆ ಇಳಿಯುತ್ತಿದ್ದರು. ರೈತರ ಸಹಕಾರ ಸಂಘವೊಂದು ಬೆಳಗ್ಗೆ ಹೇಳಿದ ಬೆಲೆಯನ್ನು ಇಡೀ ಊರು ನಂಬುತ್ತಿತ್ತು. ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ.

1959ಕ್ಕೆ ಹೋಗೋಣ. ಆಗ ಬೆಂಗಳೂರಿನ ಸುತ್ತಲಿನ ಹಳ್ಳಿಗಳಲ್ಲಿ ದ್ರಾಕ್ಷಿ ಚಪ್ಪರಗಳ ಕಾಲ. ಹಣ್ಣು ಕೊಯ್ದ ಮೇಲೆ ಕಾಯುವಂತಿಲ್ಲ, ಮಂಡಿಗೆ ಒಯ್ಯಲೇಬೇಕು. ಅಲ್ಲಿ ದಲ್ಲಾಳಿಗಳು ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸಿದರೆ ಬೆಳೆದವನಿಗೆ ಅದು ಕಾಣುವುದೇ ಇಲ್ಲ. ತೂಕದಲ್ಲಿ ‘ಸೂಟು’ ಎಂದು ಒಂದಿಷ್ಟು ಕಡಿತ, ಮೇಲೆ ಕಮಿಷನ್ನು, ಹಮಾಲಿ, ಕೊನೆಗೆ ಕೈಗೊಂದು ಬಿಳಿ ಚೀಟಿ. ಈ ಸಂಕಟಕ್ಕೆ ಉತ್ತರವಾಗಿ ಹುಟ್ಟಿದ್ದೇ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ. ಅದರ ಹಿಂದಿನ ಶಕ್ತಿ ಡಾ. ಎಂ.ಎಚ್. ಮರಿಗೌಡರು. ಹಾರ್ವರ್ಡ್‌ನಲ್ಲಿ ಪಿಎಚ್.ಡಿ. ಮಾಡಿ ಬಂದು, ಲಾಲ್‌ಬಾಗ್‌ನಲ್ಲಿ ಕೂತು ರಾಜ್ಯದ ತೋಟಗಾರಿಕೆಯನ್ನೇ ಕಟ್ಟಿದವರು. ಅವರ ಆಲೋಚನೆ ಸ್ಪಷ್ಟವಾಗಿತ್ತು: ರೈತನಿಗೆ ಒಳ್ಳೆಯ ಸಸಿ ಕೊಟ್ಟು, ಬೆಳೆಯುವ ಕ್ರಮ ಕಲಿಸಿ, ಮಾರುವ ಹೊತ್ತಿಗೆ ಅವನ ಕೈಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. 1965ರಲ್ಲಿ ಸಂಘ ದ್ರಾಕ್ಷಿಯನ್ನು ದಾಟಿ ಎಲ್ಲ ಹಣ್ಣು, ತರಕಾರಿಗಳಿಗೂ ಬಾಗಿಲು ತೆರೆಯಿತು. ಹಾಪ್‌ಕಾಮ್ಸ್ ಎಂಬ ಇಂದಿನ ಹೆಸರು ಬಂದದ್ದು 1987ರಲ್ಲಿ.

ಹಾಪ್‌ಕಾಮ್ಸ್ ನಡೆಯುವ ಬಗೆಯನ್ನು ತಿಳಿಯಬೇಕಾದರೆ ನಗರದ ಹಸಿರು ಮಳಿಗೆಯಲ್ಲಿ ನಿಂತರೆ ಸಾಲದು, ಬೆಳಗಿನ ಹೊತ್ತು ಖರೀದಿ ಕೇಂದ್ರಕ್ಕೆ ಹೋಗಬೇಕು. ಮಾಲೂರು, ಹೊಸಕೋಟೆ, ಸರ್ಜಾಪುರ ಕಡೆಯ ರೈತರು ದ್ವಿಚಕ್ರ ವಾಹನದ ಹಿಂದೆ ಚೀಲ ಬಿಗಿದುಕೊಂಡೋ ಪಾಲಿನಲ್ಲಿ ಹಿಡಿದ ಟೆಂಪೊದಲ್ಲೋ ಮಾಲು ತರುತ್ತಾರೆ. ಬೆಂಡೆಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಮೊದಲ ಪರೀಕ್ಷೆ. ಟಕ್ಕೆಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು. ಹೂಕೋಸಿನ ಸುತ್ತ ಎಷ್ಟು ಎಲೆ ಉಳಿಸಿದ್ದಾರೆ, ಟೊಮೆಟೊ ತೊಟ್ಟಿನ ಬಳಿ ಸೀಳು ಬಿಟ್ಟಿದೆಯೇ, ಬೀನ್ಸಿನೊಳಗೆ ಬೀಜ ಉಬ್ಬಿದೆಯೇ ಎಂದು ಕಣ್ಣು ಓಡುತ್ತದೆ. ಆಯ್ದದ್ದು ಪ್ಲಾಸ್ಟಿಕ್ ಕ್ರೇಟಿಗೆ, ಕ್ರೇಟು ತಕ್ಕಡಿಗೆ. ತೂಕ ಎಷ್ಟೆಂಬುದು ಬೆಳೆದವನ ಕಣ್ಣೆದುರೇ ಬರುತ್ತದೆ, ಅದೇ ಅಂಕಿ ಚೀಟಿಗೂ ಇಳಿಯುತ್ತದೆ. ಅಲ್ಲಿ ಸೂಟೂ ಇಲ್ಲ, ದಲ್ಲಾಳಿಯೂ ಇಲ್ಲ.

ಕಲಾಸಿಪಾಳ್ಯ ಮೊದಲಾದ ಸಗಟು ಮಾರುಕಟ್ಟೆಗಳ ಧಾರಣೆ ನೋಡಿಕೊಂಡು ಲಾಲ್‌ಬಾಗ್‌ನ ಕೇಂದ್ರ ಕಚೇರಿ ಪ್ರತಿದಿನ ಖರೀದಿ ದರವನ್ನೂ ಮಾರಾಟ ದರವನ್ನೂ ಗೊತ್ತು ಮಾಡುತ್ತದೆ. ಆ ದಿನ ನಗರದ ಎಲ್ಲ ಮಳಿಗೆಗಳಲ್ಲೂ ಅದೇ ಬೆಲೆ. ಜಯನಗರದವರಿಗೆ ಒಂದು, ಕಾಮಾಕ್ಷಿಪಾಳ್ಯದವರಿಗೆ ಇನ್ನೊಂದು ಎಂಬುದಿಲ್ಲ. ಬೆಳೆದವನು ಪಡೆದದ್ದೆಷ್ಟು, ಕೊಂಡವನು ಕೊಟ್ಟದ್ದೆಷ್ಟು ಎಂಬ ಎರಡು ಅಂಕಿಗಳನ್ನು ಇಷ್ಟು ಸಲೀಸಾಗಿ ಅಕ್ಕಪಕ್ಕ ಇಟ್ಟು ನೋಡಬಹುದಾದ ವ್ಯಾಪಾರ ಬೇರೆ ಎಲ್ಲಿದೆ? ನನ್ನ ಮಟ್ಟಿಗೆ ಹಾಪ್‌ಕಾಮ್ಸ್‌ನ ದೊಡ್ಡ ಕೊಡುಗೆ ಇದೇ. ಬೆಲೆಯನ್ನು ಅದು ಟವೆಲ್ಲಿನ ಅಡಿಯಿಂದ ಬೆಳಕಿಗೆ ತಂದಿತು.

ಮಳಿಗೆಯ ಇಳಿಜಾರು ಹಲಗೆಗಳ ಮೇಲೆ ಋತುಗಳೂ ಕಾಣುತ್ತವೆ. ಚಳಿ ಹಿಡಿಯುತ್ತಿದ್ದಂತೆ ಮಾಗಡಿ ಕಡೆಯ ಅವರೆಕಾಯಿ ಬರುತ್ತದೆ. ಸೊಗಡು ತುಂಬಿದ ಸಿಪ್ಪೆ ಮುಟ್ಟಿದರೆ ಬೆರಳಿಗೆ ಅಂಟಂಟು. ಬಿಸಿಲೇರುವ ಹೊತ್ತಿಗೆ ದ್ರಾಕ್ಷಿ, ಕಲ್ಲಂಗಡಿ. ಮೇ ತಿಂಗಳಲ್ಲಿ ರಾಮನಗರ, ಶ್ರೀನಿವಾಸಪುರದ ಮಾವು: ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ. ಜೊತೆಯಲ್ಲೇ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಸೀಮೆಯ ಹಲಸು. ಹಡ್ಸನ್ ವೃತ್ತದ ಮಳಿಗೆಯಲ್ಲಿ ದ್ರಾಕ್ಷಿ-ಕಲ್ಲಂಗಡಿ ಮೇಳವೋ ಮಾವು-ಹಲಸಿನ ಮೇಳವೋ ಶುರುವಾಯಿತೆಂದರೆ ಊರಿಗೆ ಬೇಸಿಗೆ ಬಂತೆಂದೇ ಲೆಕ್ಕ. ಸಂಘ ಹುಟ್ಟಲು ಕಾರಣವಾದ ದ್ರಾಕ್ಷಿಯಲ್ಲಿ ನಮ್ಮದೇ ತಳಿಯೊಂದಿದೆ: ‘ಬೆಂಗಳೂರು ಬ್ಲೂ’. ದಪ್ಪ ಸಿಪ್ಪೆ, ಒಳಗೆ ಬೀಜ, ಹುಳಿ-ಸಿಹಿ, ಚೀಲ ಬಿಚ್ಚಿದರೆ ಮನೆಯೆಲ್ಲ ಘಮ. ಈ ಸೀಮೆಯಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ತಳಿ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬೀಜವಿಲ್ಲದ ಹಸಿರು ದ್ರಾಕ್ಷಿಯ ಮೋಹದಲ್ಲಿ ಇದನ್ನು ಬದಿಗಿಟ್ಟವರು ಒಮ್ಮೆ ಮತ್ತೆ ತಿಂದು ನೋಡಬೇಕು.

ಹತ್ತಿರದ ಹೊಲಗಳಿಂದಲೇ ಬರಬೇಕಾದದ್ದು ಎಂದರೆ ಸೊಪ್ಪನ್ನು ನೆನೆಯಬೇಕು. ಸಬ್ಬಸಿಗೆ, ಮೆಂತ್ಯ, ದಂಟು ಪ್ರಯಾಣಕ್ಕೆ ಹೇಳಿ ಮಾಡಿಸಿದವಲ್ಲ. ನಸುಕಿನಲ್ಲಿ ಕಿತ್ತದ್ದು ಸಂಜೆಗೆ ಬಾಡುತ್ತದೆ. ಹತ್ತಿರದಲ್ಲಿ ಬೆಳೆಯುವವರು ಇದ್ದರಷ್ಟೇ ನಗರಕ್ಕೆ ಸೊಪ್ಪಿನ ಸಾರು, ಬಸ್ಸಾರು. ಹತ್ತಿರದ್ದೆಂದ ಮಾತ್ರಕ್ಕೆ ಹಾಪ್‌ಕಾಮ್ಸ್‌ನಲ್ಲಿ ಸಿಗುವುದೆಲ್ಲ ಸಾವಯವ ಎಂದು ಯಾರೂ ತಿಳಿಯಬಾರದು. 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ ನಮ್ಮದು. ಆದರೂ ಈ ಮಳಿಗೆಗಳಿಗೆ ಬರುವ ಬಹುಪಾಲು ತರಕಾರಿ ಮಾಮೂಲಿ ಬೇಸಾಯದ್ದು, ಔಷಧಿ ಹೊಡೆದದ್ದು. ಸಂಘದ ಕೈಯಲ್ಲಿ ಖರೀದಿ ಕೇಂದ್ರವಿದೆ, ರೈತನ ಹೆಸರು ಬರೆದ ಚೀಟಿಯಿದೆ. ಯಾವ ಹೊಲದ ಟೊಮೆಟೊ ಎಂದು ಪತ್ತೆ ಹಚ್ಚಬಲ್ಲ ಸಂಸ್ಥೆಯೇ ಕಡಿಮೆ ವಿಷದ ಬೇಸಾಯಕ್ಕೆ ಒಂದೆರಡು ರೂಪಾಯಿ ಹೆಚ್ಚು ಕೊಟ್ಟು ದಾರಿ ತೋರಿಸಬೇಕಿತ್ತು. ಇಂದಿಗೂ ತೋರಿಸಬಹುದು.

ನೀರಿನ ಕತೆಯೂ ಈ ಬೇಸಾಯಕ್ಕೆ ಹೆಣೆದುಕೊಂಡಿದೆ. ಈ ಮಳಿಗೆಗಳಿಗೆ ಬರುವ ಕೋಲಾರ ಸೀಮೆಯ ತರಕಾರಿ ಬೆಳೆದದ್ದು ಕೊಳವೆಬಾವಿಯಿಂದ, ಆಳಕ್ಕೆ, ಇನ್ನೂ ಆಳಕ್ಕೆ ಕೊರೆದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ ಕೆರೆ ತುಂಬಿದ್ದು ನಿಜ. ಎರಡನೇ ಹಂತದ ಸಂಸ್ಕರಣೆಗೇ ನಿಲ್ಲಿಸಿದ್ದೀರಿ, ಮೂರನೇ ಹಂತವೂ ಆಗಲಿ ಎಂದು ಅಲ್ಲಿನವರು ಕೇಳುತ್ತಿರುವುದೂ ಅಷ್ಟೇ ನಿಜ. ಆ ಕೂಗು ನಗರದವರದೂ ಆಗಬೇಕು. ನಾವು ಹೊರಗೆ ಬಿಟ್ಟ ನೀರೇ ಹೂಕೋಸಾಗಿ ನಮ್ಮ ಅಡುಗೆಮನೆಗೆ ಬರುತ್ತದೆ.

ಸಂಘದ ಮೇಲೆ ರೈತರ ದೂರುಗಳಿಲ್ಲವೆಂದಲ್ಲ. ಮಳಿಗೆಗಳ ಬೇಡಿಕೆಗೆ ತಕ್ಕಷ್ಟೇ ಖರೀದಿ ನಡೆಯುತ್ತದೆ. ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿಯುವ ದಿನಗಳಲ್ಲಿ, ಆಸರೆ ತೀರಾ ಬೇಕಾದಾಗಲೇ, ತಂದದ್ದರಲ್ಲಿ ಒಂದು ಪಾಲನ್ನು ಮಾತ್ರ ಕೊಂಡು ಉಳಿದದ್ದನ್ನು ವಾಪಸು ಕಳಿಸಬೇಕಾಗುತ್ತದೆ. ಆ ಉಳಿದ ಕ್ರೇಟುಗಳು ಮತ್ತೆ ಮಂಡಿಯ ದಾರಿ ಹಿಡಿಯುತ್ತವೆ. ಮಳಿಗೆ ಹೆಚ್ಚಿದರೆ ಖರೀದಿಯೂ ಹೆಚ್ಚುತ್ತದೆ. ಆಗುತ್ತಿರುವುದು ಇದರ ತಿರುವುಮುರುವು. ರಸ್ತೆ ಅಗಲ ಮಾಡುವಾಗ, ಮೆಟ್ರೊ ಕಾಮಗಾರಿ ಬಂದಾಗ ಪಾದಚಾರಿ ಮಾರ್ಗದ ಅಂಚಿನ ಹಸಿರು ಗೂಡುಗಳು ತೆರವಾಗುತ್ತವೆ. ತೆರವಾದಲ್ಲೆಲ್ಲ ಬದಲಿ ಜಾಗ ಸಿಗುವುದಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವ ಮಳಿಗೆಗೆ ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಕೊತ್ತಂಬರಿ ತಂದುಕೊಡುವ ಆ್ಯಪ್‌ನೊಂದಿಗೆ ಸ್ಪರ್ಧೆ ಕಷ್ಟವೇ. ಇನ್ನು ನೆಲ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ಸೀಮೆಯಲ್ಲಿ ಬಡಾವಣೆಗಳ ಕಲ್ಲು ನೆಡುತ್ತ ಹೋದರು.

ಆದರೂ 2020ರ ಲಾಕ್‌ಡೌನ್ ದಿನಗಳನ್ನು ನೆನೆಸಿಕೊಳ್ಳಿ. ಹೊಲದಲ್ಲಿ ದ್ರಾಕ್ಷಿ, ಕಲ್ಲಂಗಡಿ ಕೊಯ್ಲಿಗೆ ಬಂದು ನಿಂತಿದ್ದವು, ಕೊಳ್ಳುವವರಿರಲಿಲ್ಲ. ಆಗ ಹಾಪ್‌ಕಾಮ್ಸ್ ರೈತರಿಂದ ಹಣ್ಣು ಕೊಂಡು, ವಾಹನಗಳಲ್ಲಿ ತುಂಬಿ ಬೀದಿಬೀದಿಗೆ ಕಳಿಸಿತು. ಅರವತ್ತು ವರ್ಷದ ಖರೀದಿ ಜಾಲ ಕೈಯಲ್ಲಿದ್ದದ್ದರಿಂದಲೇ ಅದು ಸಾಧ್ಯವಾಯಿತು. ಅಂಥ ಜಾಲವನ್ನು ಬೇಕಾದಾಗ ರಾತ್ರೋರಾತ್ರಿ ಕಟ್ಟಲಾಗದು.

ಹೊಸ ಬಡಾವಣೆಗೆ ನಕ್ಷೆ ಬರೆಯುವಾಗ ಉದ್ಯಾನಕ್ಕೆ ಜಾಗ ಬಿಡಲೇಬೇಕೆಂಬ ನಿಯಮವಿದೆ. ಅದೇ ನಕ್ಷೆಯಲ್ಲಿ ಒಂದು ಹಾಪ್‌ಕಾಮ್ಸ್ ಮಳಿಗೆಗೂ ಜಾಗ ಗುರುತಿಸುವುದು ಸರ್ಕಾರಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ. ಸಂಜೆ ಕೆಲಸದಿಂದ ಮರಳುವವರಿಗಾಗಿ ಮಳಿಗೆಯನ್ನು ಇನ್ನಷ್ಟು ಹೊತ್ತು ತೆರೆದಿಡುವುದು, ಖರೀದಿಯ ಹಣ ರೈತನ ಖಾತೆಗೆ ತಡವಿಲ್ಲದೆ ಸೇರುವಂತೆ ನೋಡಿಕೊಳ್ಳುವುದು ಸಂಘದ ಕೆಲಸ. ವಾರಕ್ಕೊಮ್ಮೆಯಾದರೂ ಚೀಲ ಹಿಡಿದು ಆ ಹಸಿರು ಮಳಿಗೆಗೆ ಹೋಗುವುದು ನಮ್ಮ ಕೆಲಸ.